ಬ್ಯಾಂಕ್‌ಗಳೆಲ್ಲ ಸೇರಿ "ಕಲ್ಲಿದ್ದಲಿಗೆ ಸಾಲ ಕೊಡಲ್ಲ" ಅಂದರೆ ಅದು ಕಾರ್ಟೆಲ್ ಆಗುತ್ತದಾ? ಇದರ ಮೇಲೆ ಸಂಶೋಧನೆ ಮಾಡಲು ಹಣ ಎಲ್ಲಿ ಸಿಗುತ್ತದೆ?

ನವನಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಎಂ ಮೊದಲ ವರ್ಷದಲ್ಲಿದ್ದೇನೆ. ಎರಡು ವರ್ಷದ ಕೋರ್ಸ್. ಡಿಸರ್ಟೇಶನ್‌ಗೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ.

ಹತ್ತು ಬ್ಯಾಂಕ್‌ಗಳು ಒಟ್ಟಿಗೆ ಕೂತು ಇನ್ನು ಮೇಲೆ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸಾಲ ಕೊಡುವುದು ಬೇಡ ಎಂದು ಮಾತಾಡಿಕೊಂಡವು ಅಂದುಕೊಳ್ಳಿ. ಗಾಳಿಗೆ ಒಳ್ಳೆಯದು, ಹವಾಮಾನಕ್ಕೆ ಒಳ್ಳೆಯದು. ಆದರೆ ಸ್ಪರ್ಧಾ ಕಾಯ್ದೆಯ ಕಣ್ಣಿಗೆ ಅದು ಒಬ್ಬರಿಗೊಬ್ಬರು ಪೈಪೋಟಿ ಕೊಡಬೇಕಾದವರು ಸೇರಿ ಮಾಡಿಕೊಂಡ ಒಪ್ಪಂದ, ಅಂದರೆ ಕಾರ್ಟೆಲ್. ಇಲ್ಲಿ ಯಾವ ಕಾನೂನು ಗೆಲ್ಲಬೇಕು?

ವಿಷಯ ಹೇಳಿದಾಗ ಒಬ್ಬ ಪ್ರಾಧ್ಯಾಪಕರು "ಇದಕ್ಕೆಲ್ಲ ಯಾರೂ ದುಡ್ಡು ಕೊಡಲ್ಲಮ್ಮ, ಸುಮ್ನೆ ಗ್ರಾಹಕ ಸಂರಕ್ಷಣೆ ಮೇಲೆ ಬರೆದು ಮುಗಿಸು" ಅಂದರು. ಅಪ್ಪನದು ಹಾವೇರಿ ಹತ್ತಿರ ಸಣ್ಣ ಕಿರಾಣಿ ಅಂಗಡಿ. ಮನೆಯಲ್ಲಿ ಕೇಳುವ ಹಾಗಿಲ್ಲ. ದೆಹಲಿಗೆ ಒಂದು ಸಲ ಹೋಗಿ ಬರಬೇಕು, ನಾಲ್ಕೈದು ಬ್ಯಾಂಕ್ ಅಧಿಕಾರಿಗಳನ್ನು ಭೇಟಿ ಮಾಡಬೇಕು, ಕೆಲವು ಪುಸ್ತಕ ಬೇಕು. ಎಲ್‌ಎಲ್‌ಎಂ ಮಾಡುವವರಿಗೆ ಸಂಶೋಧನಾ ಧನಸಹಾಯ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ದೆಹಲಿ ಸ್ಕಾಲರ್:

ನಾನು ಇಲ್ಲಿ ಕಾನೂನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಶಿರಸಿ. ತಂಗಿ, ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. "ಸಂಶೋಧನಾ ಧನಸಹಾಯ" ಅಂತ ಹುಡುಕಿದರೆ ನಿಮಗೆ ಸಿಗುವುದರಲ್ಲಿ ಮುಕ್ಕಾಲು ಪಾಲು ಪಿಎಚ್‌ಡಿಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ. ಎಲ್‌ಎಲ್‌ಎಂ ವಿದ್ಯಾರ್ಥಿಗಳು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಾರೆ. ನಾನೂ ಸಿಕ್ಕಿಕೊಂಡಿದ್ದೆ.

ಈಗ ನಿಮಗೆ ಹತ್ತಿರದ ದಾರಿ ಯುಜಿಸಿಯ ಸ್ನಾತಕೋತ್ತರ ಸ್ಕಾಲರ್‌ಶಿಪ್. ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ 10 ತಿಂಗಳು. ಮೊದಲ ವರ್ಷದಲ್ಲಿ ಇರುವಾಗಲೇ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ವಯಸ್ಸು 30 ದಾಟಿರಬಾರದು. ಆಯ್ಕೆ ಪದವಿಯ ಅಂಕದ ಮೇಲೆ. ನಿಮ್ಮ ವಿಷಯ ಏನು ಅಂತ ಯಾರೂ ಕೇಳುವುದಿಲ್ಲ. ಹೆಸರು ಸ್ಕಾಲರ್‌ಶಿಪ್ ಆದರೂ ದೆಹಲಿ ಟಿಕೆಟ್ ಅದರಿಂದಲೇ ಬರುತ್ತದೆ ಅಲ್ವಾ. ಎರಡನೇ ವರ್ಷಕ್ಕೆ ಕಾಲಿಟ್ಟರೆ ಬಾಗಿಲು ಮುಚ್ಚಿತು. ಈ ವಾರವೇ ಕಾಲೇಜಿನ ನೋಡಲ್ ಅಧಿಕಾರಿ ಯಾರು ಅಂತ ವಿಚಾರಿಸಿ.

ಮುಂದೆ ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಬರೆಯಿರಿ. ಕಾನೂನಿನ ಕೋಡ್ 58. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಕಾನೂನಿನವರಿಗೆ ಇನ್ನೊಂದು ಅನುಕೂಲ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ಎಲ್‌ಎಲ್‌ಎಂ ಆದವರಿಗೆ ಜೆಆರ್‌ಎಫ್ ವಯೋಮಿತಿಯಲ್ಲಿ 3 ವರ್ಷ ಸಡಿಲಿಕೆ ಇದೆ. ಮಹಿಳೆಯರಿಗೆ ಹೇಗೂ 5 ವರ್ಷ ಇದೆ. ಕೋರ್ಟಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಆಮೇಲೆ ಓದಲು ಬಂದವರಿಗೆ ಇದು ದೊಡ್ಡ ಆಸರೆ.

ಜೆಆರ್‌ಎಫ್ ಸಿಗದಿದ್ದರೆ ಐಸಿಎಸ್‌ಎಸ್‌ಆರ್ ಡಾಕ್ಟರಲ್ ಫೆಲೋಶಿಪ್ ಇದೆ. ತಿಂಗಳಿಗೆ 20,000, ಜೊತೆಗೆ ವರ್ಷಕ್ಕೆ 20,000 ಕಂಟಿಂಜೆನ್ಸಿ, ಅಂದರೆ ಬಿಡಿ ಖರ್ಚಿನ ಹಣ. ಸಮಾಜ ವಿಜ್ಞಾನದ ಮಂಡಳಿ ಅಂತ ಕಾನೂನಿನವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಅವರ ಪಟ್ಟಿಯಲ್ಲಿ ಕಾನೂನೂ ಇದೆ.

ಧಾರವಾಡದ ಮೇಷ್ಟ್ರು:

ಮಗಳೇ, ನಾನು ಮೂವತ್ತು ವರ್ಷ ಕಾನೂನು ಪಾಠ ಮಾಡಿ ನಿವೃತ್ತನಾದವನು. ಹಣದ ಮಾತು ಆಮೇಲೆ ಮಾತಾಡೋಣ. ನಿನ್ನ ಪ್ರಶ್ನೆ ಚೆನ್ನಾಗಿದೆ. ಬಿಡಬೇಡ.

2002ರ ಸ್ಪರ್ಧಾ ಕಾಯ್ದೆ ತೆಗೆದು ಕಲಂ 3(3)(ಬಿ) ಓದು. ಪೈಪೋಟಿಯವರ ನಡುವೆ ಉತ್ಪಾದನೆ, ಪೂರೈಕೆ, ಮಾರುಕಟ್ಟೆ, ತಾಂತ್ರಿಕ ಅಭಿವೃದ್ಧಿ, ಹೂಡಿಕೆ, ಸೇವೆ ಇವನ್ನು ಮಿತಿಗೊಳಿಸುವ ಒಪ್ಪಂದ ಅಂತ ಇದೆ. "ಹೂಡಿಕೆ" ಎಂಬ ಪದ ಅಲ್ಲೇ ಕೂತಿದೆ ನೋಡು. ಬ್ಯಾಂಕ್‌ಗಳು ಸಾಲ ನಿಲ್ಲಿಸುವುದು ನೇರವಾಗಿ ಅದರ ಬಾಯಿಗೆ ಬೀಳುತ್ತದೆ. ಇಂಥ ಒಪ್ಪಂದ ಸ್ಪರ್ಧೆಗೆ ಹಾನಿ ಮಾಡುತ್ತದೆ ಎಂದು ಕಾನೂನು ಮೊದಲೇ ಊಹಿಸಿಕೊಳ್ಳುತ್ತದೆ. ಆದರೆ ಆ ಊಹೆಯನ್ನು ಅಲ್ಲಗಳೆಯಬಹುದು ಎಂದು 2018ರಲ್ಲಿ ರಾಜಸ್ಥಾನ್ ಸಿಲಿಂಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಗಳೆಯಲು ಕಲಂ 19(3)ರ ಅಂಶಗಳು ಬೇಕು. ಅದರಲ್ಲಿ ಒಂದು "ಗ್ರಾಹಕರಿಗೆ ಆಗುವ ಲಾಭ".

ಈಗ ನಿನ್ನ ಡಿಸರ್ಟೇಶನ್‌ನ ಜೀವ ಇರುವುದು ಇಲ್ಲಿ. ಯಾವ ಗ್ರಾಹಕ? ಇವತ್ತು ಕರೆಂಟ್ ಬಿಲ್ ಕಟ್ಟುವವನಾ? ಇಪ್ಪತ್ತು ವರ್ಷದ ಮೇಲೆ ಬಿಸಿಲಲ್ಲಿ ಬೇಯುವ ಅವನ ಮಗಳಾ? ಕಾಯ್ದೆ ಇದನ್ನು ಬಿಡಿಸಿ ಹೇಳಿಲ್ಲ.

ಕಲಂ 54 ಕೂಡ ನೋಡು. ಸಾರ್ವಜನಿಕ ಹಿತಕ್ಕಾಗಿ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು. ಹಡಗು ಕಂಪನಿಗಳು ಜಾಗ ಹಂಚಿಕೊಳ್ಳುವ ಒಪ್ಪಂದಕ್ಕೆ ಕೊಟ್ಟಿದೆ, ಸರ್ಕಾರಿ ಬ್ಯಾಂಕ್‌ಗಳ ವಿಲೀನಕ್ಕೆ ಕೊಟ್ಟಿದೆ. ಹಸಿರು ಒಪ್ಪಂದಕ್ಕೂ ಈ ದಾರಿ ಸಾಕಾ, ಅಥವಾ ಸ್ಪರ್ಧಾ ಆಯೋಗವೇ ಮಾರ್ಗಸೂಚಿ ಬರೆಯಬೇಕಾ? ಒಂದು ಅಧ್ಯಾಯ ಆಯಿತು.

ಹೇಗ್ ಕನ್ನಡಿಗ:

ಮೇಷ್ಟ್ರ ಮಾತಿಗೆ ಇಲ್ಲಿಯ ಎರಡು ಉದಾಹರಣೆ ಸೇರಿಸುತ್ತೇನೆ. ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಓದಿ ಇಲ್ಲೇ ಕೆಲಸದಲ್ಲಿದ್ದೇನೆ.

2013ರಲ್ಲಿ ಇಲ್ಲಿ ದೊಡ್ಡ ಇಂಧನ ಒಪ್ಪಂದ ಆಯಿತು. ಅದರೊಳಗೆ 1980ರ ದಶಕದ ಐದು ಕಲ್ಲಿದ್ದಲು ಸ್ಥಾವರ ಮುಚ್ಚುವ ಮಾತೂ ಇತ್ತು. ಇಲ್ಲಿಯ ಸ್ಪರ್ಧಾ ಪ್ರಾಧಿಕಾರ ಎಸಿಎಂ ಲೆಕ್ಕ ಹಾಕಿತು. ಕರೆಂಟ್ ದರ ಏರುತ್ತದೆ, ಅದಕ್ಕೆ ತಕ್ಕ ಲಾಭ ಗ್ರಾಹಕರಿಗೆ ಕಾಣುವುದಿಲ್ಲ, ಹಾಗಾಗಿ ಕಂಪನಿಗಳು ಸೇರಿ ಹೀಗೆ ಮುಚ್ಚುವುದು ಸರಿಹೋಗದು ಎಂದಿತು. ಕೊನೆಗೆ ಸಂಸತ್ತೇ 2019ರಲ್ಲಿ ಕಾನೂನು ಮಾಡಿ 2030ರೊಳಗೆ ಕಲ್ಲಿದ್ದಲಿನಿಂದ ಕರೆಂಟ್ ತಯಾರಿಸುವುದು ನಿಲ್ಲಬೇಕು ಎಂದಿತು. ಕಂಪನಿಗಳ ಒಪ್ಪಂದದಿಂದ ಆಗದ್ದು ಕಾನೂನಿನಿಂದ ಆಯಿತು. ಆರು ವರ್ಷ ಹಿಡಿಯಿತು. ನಿಮ್ಮ ಡಿಸರ್ಟೇಶನ್‌ನಲ್ಲಿ ಈ ಆರು ವರ್ಷದ ಬೆಲೆ ಎಷ್ಟು ಅಂತ ಕೇಳಿ.

ಇನ್ನೊಂದು ಕೋಳಿಯ ಕಥೆ. ಸೂಪರ್‌ಮಾರ್ಕೆಟ್‌ಗಳು ಮತ್ತು ಕೋಳಿ ಸಾಕುವವರು ಸೇರಿ ಮುಂದೆ ಒಳ್ಳೆಯ ರೀತಿಯಲ್ಲಿ ಸಾಕಿದ ಕೋಳಿಯನ್ನು ಮಾತ್ರ ಮಾರುವುದು ಎಂದು ತೀರ್ಮಾನಿಸಿದರು. ಪ್ರಾಧಿಕಾರ ಜನರನ್ನೇ ಕೇಳಿತು. ಒಂದಿಷ್ಟು ಹೆಚ್ಚು ಕೊಡುತ್ತೇವೆ ಅಂದರು, ಆದರೆ ಏರುವ ಬೆಲೆಯಷ್ಟು ಅಲ್ಲ. 2015ರಲ್ಲಿ ಆ ಒಪ್ಪಂದ ಸರಿಯಿಲ್ಲ ಎಂಬ ಉತ್ತರ ಬಂತು. ಇವೆರಡರ ಮೇಲೆ ನಡೆದ ಜಗಳ ಯೂರೋಪಿನ ಚರ್ಚೆಯ ದಿಕ್ಕನ್ನೇ ಬದಲಿಸಿತು. 2023ರಲ್ಲಿ ಯೂರೋಪಿಯನ್ ಕಮಿಷನ್ ಪೈಪೋಟಿಯವರ ಒಪ್ಪಂದಗಳ ಬಗೆಗಿನ ತನ್ನ ಮಾರ್ಗಸೂಚಿಗೆ ಸುಸ್ಥಿರತೆಯ ಅಧ್ಯಾಯ ಸೇರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ ಹಸಿರು ಒಪ್ಪಂದಗಳ ಮಾರ್ಗಸೂಚಿ ತಂದಿತು. ಹವಾಮಾನದ ವಿಷಯದಲ್ಲಿ ಲಾಭವನ್ನು ಆ ಸರಕು ಕೊಳ್ಳುವವರಿಗೆ ಮಾತ್ರ ಅಲ್ಲ, ಬ್ರಿಟನ್ನಿನ ಎಲ್ಲ ಗ್ರಾಹಕರಿಗೂ ಆಗುವ ಲಾಭವಾಗಿ ಎಣಿಸಬಹುದು ಎಂದಿತು. ಮೇಷ್ಟ್ರು ಕೇಳಿದ "ಯಾವ ಗ್ರಾಹಕ" ಪ್ರಶ್ನೆಗೆ ಒಂದು ದೇಶ ಕೊಟ್ಟ ಉತ್ತರ ಇದು.

ಹಾಗಂತ ಹಸಿರು ಎನ್ನುವ ಹೆಸರಿನಲ್ಲಿ ಮೋಸವೇ ಇಲ್ಲ ಅಂದುಕೊಳ್ಳಬೇಡಿ. 2021ರ ಜುಲೈನಲ್ಲಿ ಬಿಎಂಡಬ್ಲ್ಯು ಮತ್ತು ಫೋಕ್ಸ್‌ವ್ಯಾಗನ್‌ಗೆ ಕಮಿಷನ್ ಒಟ್ಟು 87.5 ಕೋಟಿ ಯೂರೋ ದಂಡ ಹಾಕಿತು. ಡೀಸೆಲ್ ಹೊಗೆ ಶುದ್ಧ ಮಾಡುವ ತಂತ್ರಜ್ಞಾನದಲ್ಲಿ ಕಾನೂನು ಕೇಳಿದ್ದಕ್ಕಿಂತ ಚೆನ್ನಾಗಿ ಮಾಡಲು ಬರುತ್ತಿತ್ತು. ಆದರೂ ಅಷ್ಟು ಮಾಡುವುದು ಬೇಡ ಅಂತ ಡೈಮ್ಲರ್ ಜೊತೆ ಸೇರಿ ಮಾತಾಡಿಕೊಂಡಿದ್ದರು. ಗುಟ್ಟು ಬಿಟ್ಟುಕೊಟ್ಟ ಡೈಮ್ಲರ್‌ಗೆ ದಂಡ ಬೀಳಲಿಲ್ಲ.

ಹಣದ ಬಗ್ಗೆ ಒಂದು ಮಾತು. ಇಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ಸಂಬಳದ ಕೆಲಸ. ನಮ್ಮವರು "ಸ್ಕಾಲರ್‌ಶಿಪ್" ಅಂತ ಹುಡುಕಿ ಏನೂ ಸಿಗಲಿಲ್ಲ ಅನ್ನುತ್ತಾರೆ. ಉದ್ಯೋಗದ ಜಾಹೀರಾತು ಹುಡುಕಬೇಕು. ಅಕಾಡೆಮಿಕ್ ಟ್ರಾನ್ಸ್‌ಫರ್ ಅನ್ನುವ ತಾಣದಲ್ಲಿ ಬರುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನಾವೀನ್ಯ ಮತ್ತು ಸ್ಪರ್ಧಾ ಕಾನೂನಿನ ಕೇಂದ್ರ ಇದೆ. ಹೊರದೇಶದ ಪಿಎಚ್‌ಡಿ ವಿದ್ಯಾರ್ಥಿಗಳು ಕೆಲವು ತಿಂಗಳು ಅಲ್ಲಿ ಕೂತು ಓದಲು ಸ್ಟೈಪೆಂಡ್ ಕೊಡುತ್ತದೆ. ಅಲ್ಲಿಯ ಗ್ರಂಥಾಲಯ ಈ ವಿಷಯಕ್ಕೆ ಬಂಗಾರದ ಗಣಿ.

ನವನಗರದ ಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ 3(3)(ಬಿ) ಓದಿ "ಹೂಡಿಕೆ" ಪದ ಕಂಡಾಗ ಮೈ ಜುಮ್ ಅಂತು ಸರ್. ಎಷ್ಟು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿದೆ. ಒಂದು ಸಂಶಯ. ನಾನು ಬ್ಯಾಂಕ್‌ಗಳ ಒಪ್ಪಂದ ಅಂತಿದ್ದೇನೆ, ನಿಜವಾಗಿ ಅಂಥದ್ದು ನಡೆದಿದೆಯಾ? ಬರೀ ಊಹೆಯ ಮೇಲೆ ಬರೆದರೆ ವೈವಾದಲ್ಲಿ ಹಿಡಿದು ನಿಲ್ಲಿಸುತ್ತಾರೆ.

ದೆಹಲಿ ಸ್ಕಾಲರ್:

ನಡೆದಿದೆ. ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸುತ್ತೇವೆ ಎಂದ ವಿಮಾ ಕಂಪನಿಗಳ ನೆಟ್ ಜೀರೋ ಒಕ್ಕೂಟ 2021ರಲ್ಲಿ ಶುರುವಾಯಿತು. 2023ರ ಮಾರ್ಚ್‌ನಲ್ಲಿ ಜರ್ಮನಿಯ ಮ್ಯೂನಿಕ್ ರಿ ಕಂಪನಿ ಹೊರಗೆ ಬಂತು, ಸ್ಪರ್ಧಾ ಕಾನೂನಿನ ಅಪಾಯವನ್ನೇ ಕಾರಣ ಕೊಟ್ಟಿತು. ಅದರ ಹಿಂದೆ ಒಬ್ಬೊಬ್ಬರೇ ಹೋದರು. 2024ರಲ್ಲಿ ಒಕ್ಕೂಟವೇ ಮುಗಿಯಿತು. ಬ್ಯಾಂಕ್‌ಗಳ ನೆಟ್ ಜೀರೋ ಒಕ್ಕೂಟದಿಂದ 2024ರ ಕೊನೆಯಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್‌ಗಳು ಹೊರನಡೆದವು, 2025ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2024ರ ನವೆಂಬರ್‌ನಲ್ಲಿ ಟೆಕ್ಸಾಸ್ ಮತ್ತು ಇನ್ನೂ ಕೆಲವು ರಾಜ್ಯಗಳು ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್, ಸ್ಟೇಟ್ ಸ್ಟ್ರೀಟ್ ಎಂಬ ದೊಡ್ಡ ಹೂಡಿಕೆ ಸಂಸ್ಥೆಗಳ ಮೇಲೆ ದಾವೆ ಹೂಡಿದವು. ಕಲ್ಲಿದ್ದಲು ಕಂಪನಿಗಳ ಷೇರು ಹಿಡಿದುಕೊಂಡು ಉತ್ಪಾದನೆ ತಗ್ಗಿಸಲು ಒತ್ತಡ ಹಾಕಿದರು ಎಂಬುದು ಆರೋಪ.

ನನಗೆ ಇದರಲ್ಲಿ ಬೇಸರ ತರುವ ವಿಷಯ ಒಂದಿದೆ. ತೀರ್ಪು ಬರುವ ಮೊದಲೇ, ಬರೀ ಭಯಕ್ಕೇ ಒಕ್ಕೂಟಗಳು ಒಡೆದವು. ಕಾನೂನು ಸ್ಪಷ್ಟ ಇಲ್ಲದಿದ್ದರೆ ಒಳ್ಳೆಯದು ಮಾಡಲು ಬಂದವರೂ ಹಿಂದೆ ಸರಿಯುತ್ತಾರೆ. ಅದಕ್ಕೇ ನಿಮ್ಮ ಥರದ ವಿದ್ಯಾರ್ಥಿಗಳು ಇದನ್ನು ಓದಬೇಕು.

ಮಂಗಳೂರು ಬ್ಯಾಂಕಿನವಳು:

ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಹತ್ತು ಬ್ಯಾಂಕ್ ಒಟ್ಟಿಗೆ ಕೂರುವುದು ದಿನನಿತ್ಯದ ಕೆಲಸ. ದೊಡ್ಡ ಯೋಜನೆಗೆ ಒಂದೇ ಬ್ಯಾಂಕ್ ಪೂರ್ತಿ ಸಾಲ ಕೊಡುವುದಿಲ್ಲ, ಕನ್ಸಾರ್ಷಿಯಂ ಮಾಡಿಕೊಳ್ಳುತ್ತೇವೆ. ಅಲ್ಲಿ ಒಬ್ಬರು ಬೇಡ ಅಂದರೆ ಉಳಿದವರೂ ಯೋಚಿಸುತ್ತಾರೆ. ಇದು ಒಪ್ಪಂದವಾ, ಬುದ್ಧಿವಂತಿಕೆಯಾ? ನಿಮ್ಮ ಸಂಶೋಧನೆ ಒಕ್ಕೂಟಗಳನ್ನು ಬಿಟ್ಟು ಈ ಕನ್ಸಾರ್ಷಿಯಂ ಮೀಟಿಂಗ್ ಕಡೆಗೆ ಬಂದರೆ ಭಾರತಕ್ಕೆ ಹೆಚ್ಚು ಹತ್ತಿರವಾಗುತ್ತದೆ ಅಂತ ನನ್ನ ಅನಿಸಿಕೆ.

ರಿಸರ್ವ್ ಬ್ಯಾಂಕಿನ ಹಸಿರು ಠೇವಣಿ ನಿಯಮಗಳನ್ನೂ ಓದಿ. ಹಸಿರು ಠೇವಣಿ ಅಂದರೆ ಪರಿಸರಕ್ಕೆ ಒಳ್ಳೆಯ ಯೋಜನೆಗಳಿಗೇ ಬಳಸಬೇಕಾದ ಠೇವಣಿ. 2023ರ ಜೂನ್ 1ರಿಂದ ಜಾರಿ. ಆ ಹಣ ಎಲ್ಲಿಗೆ ಹೋಯಿತು ಎಂದು ಪ್ರತಿ ವರ್ಷ ಹೊರಗಿನವರಿಂದ ಪರಿಶೀಲನೆ ಆಗಬೇಕು. ಎಲ್ಲಿಗೆ ಹೋಗಬಾರದು ಅಂತಲೂ ಪಟ್ಟಿ ಇದೆ. ಕಲ್ಲಿದ್ದಲು, ಪರಮಾಣು ಬಿಡಿ, 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತೂ ಇಲ್ಲ. ಅಂದರೆ 1,035 ಮೆಗಾವ್ಯಾಟ್‌ನ ನಮ್ಮ ಶರಾವತಿಯಂಥ ಸ್ಥಾವರಕ್ಕೆ ಹಸಿರು ಠೇವಣಿಯ ಒಂದು ರೂಪಾಯಿಯೂ ಹೋಗುವ ಹಾಗಿಲ್ಲ. ಮುಳುಗಡೆ ಕಂಡ ಮಲೆನಾಡಿನವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸಂದರ್ಶನಕ್ಕೆ ಅಧಿಕಾರಿಗಳನ್ನು ಹುಡುಕುವಾಗ ಬ್ರಾಂಚ್ ಮ್ಯಾನೇಜರ್ ಹತ್ತಿರ ಹೋಗಬೇಡಿ, ಅವರಿಗೆ ಈ ವಿಷಯ ಬರುವುದಿಲ್ಲ. ಪ್ರಧಾನ ಕಚೇರಿಯ ಕ್ರೆಡಿಟ್ ಮತ್ತು ರಿಸ್ಕ್ ವಿಭಾಗ ಕೇಳಿ. ನಿವೃತ್ತರಾದವರು ಇನ್ನೂ ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆ.

ಪಾವಗಡದ ಕಡೆಯವ:

ನಾನು ಬಿಎ ಎಲ್‌ಎಲ್‌ಬಿ ನಾಲ್ಕನೇ ವರ್ಷ. ಅಕ್ಕ, ನಿಮ್ಮ ವಿಷಯದ ಪಕ್ಕದಲ್ಲೇ ಇನ್ನೊಂದು ವಿಷಯ ಇದೆ. ನಮ್ಮ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಊರಿನ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಇಲ್ಲದ ಸೀಮೆ, ಎಷ್ಟೋ ಮನೆಗೆ ಅದೇ ಖಾತ್ರಿ ಆದಾಯ. ಆದರೆ ಕೊಡುವ ರೈತರು ಸಾವಿರಾರು, ಪಡೆಯುವುದು ಒಂದೇ ಸಂಸ್ಥೆ. ಕೊಳ್ಳುವವನು ಒಬ್ಬನೇ ಇದ್ದಾಗ ದರ ಹೇಗೆ ತೀರ್ಮಾನ ಆಗುತ್ತದೆ ಅನ್ನುವುದೂ ಸ್ಪರ್ಧಾ ಕಾನೂನಿನ ಪ್ರಶ್ನೆ ಅಲ್ವಾ? ದೂರು ಹೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಂತ ಆಸೆ. ಎಲ್‌ಎಲ್‌ಬಿಯವರಿಗೆ ಏನಾದರೂ ಸಹಾಯ ಸಿಗುತ್ತದಾ?

ಧಾರವಾಡದ ಮೇಷ್ಟ್ರು:

ಪಾವಗಡದ ಹುಡುಗ, ಖಂಡಿತ ಪ್ರಶ್ನೆ. ಕಲಂ 4ರಲ್ಲಿ ಕೊಳ್ಳುವಾಗಿನ ಅನ್ಯಾಯದ ಬೆಲೆಯ ಮಾತೂ ಇದೆ, ಮಾರುವಾಗಿನದು ಮಾತ್ರ ಅಲ್ಲ. ನಿನ್ನ ಕೈಗೆ ಸಿಗುವ ದಾಖಲೆ ದೆಹಲಿಯವರಿಗೆ ಸಿಗುವುದಿಲ್ಲ. ಗುತ್ತಿಗೆ ಪತ್ರ ನಿನ್ನ ಊರಿನ ಮನೆಮನೆಯ ಟ್ರಂಕಿನಲ್ಲಿದೆ. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಬರೆಯುವುದನ್ನು ಈಗಲೇ ಕಲಿ. ಎಲ್‌ಎಲ್‌ಬಿಯವರಿಗೆ ದೊಡ್ಡ ಧನಸಹಾಯ ಕಷ್ಟ, ನಿಜ. ಸ್ಪರ್ಧಾ ಆಯೋಗ ಕಾನೂನು ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತದೆ, ಅದಕ್ಕೆ ಅರ್ಜಿ ಹಾಕು. ಅಲ್ಲಿ ಒಂದು ತಿಂಗಳು ಕಡತ ನೋಡಿದರೆ ಆಮೇಲೆ ಅರ್ಜಿ ಬರೆಯುವ ಕೈಯೇ ಬೇರೆ ಆಗುತ್ತದೆ.

ಇನ್ನೊಂದು ಮಾತು ಇಬ್ಬರಿಗೂ. ಯಾರ ಹಣ ಎಂದು ನೋಡಿ ತೆಗೆದುಕೊಳ್ಳಿ. ನನ್ನ ಕೆಲಸದ ದಿನಗಳಲ್ಲಿ ಒಂದು ಕಂಪನಿ ನಮ್ಮ ವಿಭಾಗಕ್ಕೆ ಸಂಶೋಧನೆಗೆಂದು ಹಣ ಕೊಡಲು ಮುಂದೆ ಬಂತು. ಆಮೇಲೆ ಗೊತ್ತಾಯಿತು, ಅದರ ಮೇಲೆ ಅದೇ ವಿಷಯದ ವಿಚಾರಣೆ ನಡೆಯುತ್ತಿತ್ತು. ಬೇಡ ಅಂದೆವು. ಆ ವರ್ಷ ಇಬ್ಬರು ಹುಡುಗರಿಗೆ ಫೆಲೋಶಿಪ್ ಕೊಡಲು ಆಗಲಿಲ್ಲ, ಇವತ್ತಿಗೂ ಆ ನೋವಿದೆ. ಆದರೂ ಬೇಡ ಅಂದದ್ದು ಸರಿ. ಸ್ಪರ್ಧಾ ಕಾನೂನಿನ ವಿದ್ವಾಂಸರ ಅಂತರರಾಷ್ಟ್ರೀಯ ಸಂಘ ಆಸ್ಕೋಲಾ, ಹಣ ಎಲ್ಲಿಂದ ಬಂತು ಎಂದು ಲೇಖಕರು ಬಹಿರಂಗ ಹೇಳಬೇಕು ಎಂಬ ಘೋಷಣೆಯನ್ನೇ ಮಾಡಿದೆ. ಮೊದಲ ಪುಟದಲ್ಲೇ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ.

ದೆಹಲಿ ಸ್ಕಾಲರ್:

ಮೇಷ್ಟ್ರು ಹೇಳಿದ ಮೇಲೆ ನನ್ನದೂ ಒಂದು ಅನುಭವ. ಫೆಲೋಶಿಪ್ ಸಿಕ್ಕಿತು ಅಂದರೆ ಹಣ ಬಂತು ಅಂತ ಅಲ್ಲ. ನಾನಿರುವ ಸಂಸ್ಥೆಯಲ್ಲಿ ತಿಂಗಳ ದೃಢೀಕರಣ ಕಳಿಸುವುದು ತಡವಾಗಿ ನನಗೆ ಐದು ತಿಂಗಳು ಒಂದು ರೂಪಾಯಿ ಬರಲಿಲ್ಲ. ರೂಮಿನ ಬಾಡಿಗೆಗೆ ಸ್ನೇಹಿತರ ಹತ್ತಿರ ಸಾಲ ಮಾಡಿದೆ. ಹಾಗಾಗಿ ಮೊದಲ ಆರು ತಿಂಗಳ ಖರ್ಚಿಗೆ ಬೇರೆ ದಾರಿ ಇಟ್ಟುಕೊಂಡೇ ಸೇರಿ. ಪ್ರತಿ ಬಿಲ್ಲಿನ ಫೋಟೋ ತೆಗೆದಿಡಿ, ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಬಳಸಿದ ಲೆಕ್ಕದ ಪತ್ರ) ಕೇಳುವಾಗ ಅದೇ ಕಾಪಾಡುತ್ತದೆ.

ಈಗ ನಿಮ್ಮ ಅರ್ಜಿಯ ಬಗ್ಗೆ. ಹಣ ಇಲ್ಲದೆಯೇ ಶುರುಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಮೇಲಿನ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್, ಅಂದರೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಕೊಡಲೇಬೇಕು. ಪರಿಸರ, ಕೆಲಸಗಾರರು, ಆಡಳಿತ ಎಲ್ಲ ಅದರಲ್ಲಿದೆ. ಏಳನೇ ತತ್ವದ ಕೆಳಗೆ ಒಂದು ಸಣ್ಣ ಪಟ್ಟಿ ಇದೆ. ಸ್ಪರ್ಧೆಗೆ ವಿರುದ್ಧ ನಡೆದುಕೊಂಡದ್ದಕ್ಕೆ ಯಾವ ಪ್ರಾಧಿಕಾರ ಆದೇಶ ಕೊಟ್ಟಿತು, ಪ್ರಕರಣ ಏನು, ಸರಿಪಡಿಸಲು ಏನು ಮಾಡಿದಿರಿ. ಮೂರೇ ಕಾಲಂ. ಸುಸ್ಥಿರ ಹಣಕಾಸು ಮತ್ತು ಸ್ಪರ್ಧಾ ಕಾನೂನು ಭಾರತದಲ್ಲಿ ಒಂದೇ ಪುಟದಲ್ಲಿ ಕೂರುವ ಜಾಗ ಅದು. ವರದಿಗಳು ಷೇರು ವಿನಿಮಯ ಕೇಂದ್ರಗಳ ತಾಣದಲ್ಲಿ ಉಚಿತ. ಆಯೋಗದ ಆದೇಶಗಳೂ ಉಚಿತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಉದಾಹರಣೆಗೆ 2012ರಲ್ಲಿ ಆಯೋಗ ಹನ್ನೊಂದು ಸಿಮೆಂಟ್ ಕಂಪನಿಗಳಿಗೆ 6,300 ಕೋಟಿಗೂ ಜಾಸ್ತಿ ದಂಡ ಹಾಕಿತು. ಮೇಲ್ಮನವಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಆ ಪಟ್ಟಿಯಲ್ಲಿದ್ದ ಅಲ್ಟ್ರಾಟೆಕ್ 2021ರಲ್ಲಿ ಕಾರ್ಬನ್ ಗುರಿಗೆ ಕಟ್ಟಿದ 40 ಕೋಟಿ ಡಾಲರ್ ಬಾಂಡ್ ತಂದಿತು. ಇಂಥ ಬಾಂಡ್ ಕೊಳ್ಳುವವರು ಸ್ಪರ್ಧಾ ಪ್ರಕರಣವನ್ನು ಎಣಿಸುತ್ತಾರಾ? ಎಣಿಸಬೇಕಾ? ಇಂಗಾಲವನ್ನು ಅಳೆಯುವ ಹಣ, ಒಟ್ಟು ಸೇರಿ ಬೆಲೆ ನಿಗದಿ ಮಾಡಿದ ಆರೋಪವನ್ನು ನೋಡದೆ ಹೋದರೆ ಅದನ್ನು ಸುಸ್ಥಿರ ಅನ್ನಬಹುದಾ?

ನೂರು ಕಂಪನಿಯದ್ದು ತೆಗೆದು ಒಂದು ಶೀಟ್ ಮಾಡಿ. ಆ ಶೀಟ್ ಕೈಯಲ್ಲಿದ್ದರೆ ಆಯ್ಕೆ ಸಮಿತಿ ಎದುರು ನೀವು ಬೇರೆಯೇ ವ್ಯಕ್ತಿ.

ಹೇಗ್ ಕನ್ನಡಿಗ:

ಒಳ್ಳೆಯ ಸಲಹೆ. ಪುಸ್ತಕದ ಖರ್ಚನ್ನು ಬಜೆಟ್‌ನಲ್ಲಿ ಜಾಸ್ತಿ ತೋರಿಸಬೇಡಿ. 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆ ನಡೆಯುತ್ತಿದೆ. ಸರ್ಕಾರಿ ವಿಶ್ವವಿದ್ಯಾಲಯದವರಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅದರಲ್ಲಿವೆ. ಖಾಸಗಿ ಕಾಲೇಜಿನವರಿಗೆ ಈ ಸೌಲಭ್ಯ ಇಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಬಜೆಟ್‌ನಲ್ಲಿ ಓಡಾಟ, ಸಂದರ್ಶನ ಬರೆದಿಳಿಸುವ ಕೂಲಿ, ಕನ್ನಡದಿಂದ ಅನುವಾದ, ಇವಕ್ಕೆ ಜಾಗ ಕೊಡಿ.

ನವನಗರದ ಹುಡುಗಿ:

ಹತ್ತು ದಿನ ಆಯಿತು. ಕಾಲೇಜಿನ ನೋಡಲ್ ಅಧಿಕಾರಿ ಸ್ಕಾಲರ್‌ಶಿಪ್ ಅರ್ಜಿಯನ್ನು ಪರಿಶೀಲಿಸಿ ಮುಂದೆ ಕಳಿಸಿದ್ದಾರೆ. ಮೂವತ್ತೆರಡು ಕಂಪನಿಗಳ ಬಿಆರ್‌ಎಸ್‌ಆರ್ ತೆಗೆದೆ. ಮೊದಲು ಬ್ಯಾಂಕ್, ಆಮೇಲೆ ಸಿಮೆಂಟ್. ಹೊಸ ಗೈಡ್ ಸಿಕ್ಕಿದ್ದಾರೆ, ಶೀಟ್ ನೋಡಿ ಒಪ್ಪಿಕೊಂಡರು.

ಸಿನಾಪ್ಸಿಸ್‌ನ ಮೊದಲ ಸಾಲು ಹೀಗೆ ಬರೆದಿದ್ದೇನೆ: "ಕನ್ಸಾರ್ಷಿಯಂನಲ್ಲಿರುವ ಬ್ಯಾಂಕ್‌ಗಳು ಹವಾಮಾನದ ಕಾರಣಕ್ಕೆ ಒಂದು ಯೋಜನೆಗೆ ಒಟ್ಟಾಗಿ ಸಾಲ ನಿರಾಕರಿಸಿದರೆ, ಸ್ಪರ್ಧಾ ಕಾಯ್ದೆಯ ಕಲಂ 19(3)ರ 'ಗ್ರಾಹಕರಿಗೆ ಆಗುವ ಲಾಭ'ದಲ್ಲಿ ಮುಂದಿನ ಗ್ರಾಹಕರನ್ನು ಎಣಿಸಬಹುದೇ?" ಸರ್, ತಿದ್ದಿ ಕೊಡಿ.

ಧಾರವಾಡದ ಮೇಷ್ಟ್ರು:

"ಒಟ್ಟಾಗಿ" ಪದದ ಮೇಲೆ ಪರೀಕ್ಷಕರು ಕೂರುತ್ತಾರೆ. ಒಟ್ಟಾಗಿ ಅಂದರೆ ಮಾತಾಡಿಕೊಂಡಾ, ಅಥವಾ ಒಬ್ಬರನ್ನು ನೋಡಿ ಇನ್ನೊಬ್ಬರಾ? ಮೊದಲ ಅಧ್ಯಾಯದಲ್ಲೇ ಬಿಡಿಸಿ ಬರೆ. ಉಳಿದದ್ದು ಹಾಗೇ ಇರಲಿ.

ಮಂಗಳೂರು ಬ್ಯಾಂಕಿನವಳು:

ನಮ್ಮಲ್ಲಿ ರಿಸ್ಕ್ ವಿಭಾಗದಿಂದ ನಿವೃತ್ತರಾದ ಒಬ್ಬರು ಈಗ ಹುಬ್ಬಳ್ಳಿಯಲ್ಲೇ ಇದ್ದಾರೆ. ಮಾತಾಡಿದ್ದೇನೆ, ಭೇಟಿಗೆ ಒಪ್ಪಿದ್ದಾರೆ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಬೇಕಂತೆ. ನಿಮಗೆ ಬೇರೆಯಾಗಿ ಸಂದೇಶ ಹಾಕುತ್ತೇನೆ.